ಅಕ್ಕನ ಕಾಲು, ತಮ್ಮನ ಕಾಲು

ಶೇವಂತಿ ಮೊದಲ ಹೆಜ್ಜೆ ಇಟ್ಟದ್ದು ಕಾರಹುಣ್ಣಿವೆಯ ದಿನ. ಹೊರ್ತಿಯ ಆ ಓಣಿಯಲ್ಲಿ ಇದು ಗೊತ್ತಿಲ್ಲದವರೇ ಇರಲಿಲ್ಲ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗಂಟೆಯ ಸರ ಕಟ್ಟಿ ಅಂಗಳದಲ್ಲಿ ನಿಲ್ಲಿಸಿದ್ದರು. ತಾಯಿ ಸುಂದರವ್ವ ತವರುಮನೆಯ ಪಡಸಾಲೆಯಲ್ಲಿ ಆರತಿಯ ತಟ್ಟೆ ಸಿದ್ಧಮಾಡುತ್ತಿದ್ದಳು. ಕಂಬ ಹಿಡಿದು ನಿಂತಿದ್ದ ಕೂಸು ಕಂಬ ಬಿಟ್ಟು, ಗಂಟೆಯ ಸದ್ದು ಬಂದ ಕಡೆಗೆ ತಟಪಟ ಹೆಜ್ಜೆ ಹಾಕುತ್ತ ಹೋಗಿ ಬಿಳಿಯ ಎತ್ತಿನ ಮುಂಗಾಲು ಅಪ್ಪಿಕೊಂಡುಬಿಟ್ಟಿತು. ಎತ್ತು ಮೂಸಿ ನೋಡಿ ಸುಮ್ಮನೆ ನಿಂತಿತು. ನಾಗರಪಂಚಮಿಯಲ್ಲಿ ಹುಟ್ಟಿದ ಕೂಸು. ಇನ್ನೂ ವರ್ಷ ತುಂಬಿರಲಿಲ್ಲ.

"ಇಕಿ ಕಾಲಿಗೆ ಗೆಜ್ಜಿ ಹಾಕ್ರೆವಾ," ಎಂದಿದ್ದಳು ಸುಂದರವ್ವನ ತಾಯಿ. "ಇಲ್ಲಂದ್ರ ಎಲ್ಲಿ ಹೋಗ್ಯಾಳ ಏನ ಮಾಡಾಕತ್ಯಾಳ ತಿಳಿಯೂದಿಲ್ಲ." ಮರುವಾರವೇ ಪತ್ತಾರನ ಹತ್ತಿರ ಹೋಗಿ ಬೆಳ್ಳಿಯ ಗೆಜ್ಜೆ ಮಾಡಿಸಿ ತಂದಳು.

ಸುಂದರವ್ವ ಈ ಕಥೆಯನ್ನು ಗಂಡನ ಮನೆಗೆ ಬಂದಮೇಲೂ ಹೇಳಿದಳು. ನೀರಿಗೆ ಹೋದಾಗ ಹೇಳಿದಳು, ಶ್ಯಾವಿಗೆ ಹೊಸೆಯುವಾಗ ಹೇಳಿದಳು, ಬೇರೆ ಯಾರದಾದರೂ ಕೂಸು ತಡವರಿಸುವುದನ್ನು ಕಂಡಾಗ ಕೇಳದಿದ್ದರೂ ಹೇಳಿದಳು. ಅಷ್ಟು ಸಲ ಹೇಳಬಾರದಿತ್ತು ಎಂದು ಅನ್ನಿಸಿದ್ದು ಎಷ್ಟೋ ಆಮೇಲೆ.

ಗಂಡನ ಮನೆ ಎಂದರೆ ಇಂಡಿ ಪಟ್ಟಣದ ಹೊರಗೆ ಲಿಂಬೆಯ ತೋಟದ ನಡುವಿನ ವಸ್ತಿ. ಎರಡು ಖೋಲಿ, ಮುಂದೊಂದು ತಗಡಿನ ಚಪ್ಪರ, ಬಾವಿ, ಬಾವಿಯ ಪಕ್ಕದಲ್ಲಿ ಒಂದು ಬೇವಿನ ಗಿಡ. ಗಂಡ ಸಂಗಣ್ಣ ಮಾತು ಕಡಿಮೆ, ಕೆಲಸ ಹೆಚ್ಚು. ತೋಟದಲ್ಲಿದ್ದ ಜಾಲಿಯನ್ನೆಲ್ಲ ಬೇರುಸಹಿತ ಕಿತ್ತು, ಲಿಂಬೆಯೊಂದನ್ನೇ ಉಳಿಸಿಕೊಂಡಿದ್ದ. ಲಿಂಬೆಯೆಂದಮೇಲೆ ಮುಳ್ಳು ಇರುವುದೇ. ಗಿಡದಲ್ಲಿದ್ದಷ್ಟೇ ನೆಲದಲ್ಲಿ. ಒಣಗಿದ ಕಡ್ಡಿಯೊಂದಿಗೆ ಉದುರಿ, ಮಣ್ಣಿನಲ್ಲಿ ಬೆರೆತು, ಎಷ್ಟು ಗುಡಿಸಿದರೂ ಅಂಗಳಕ್ಕೆ ಬಂದು ಬೀಳುತ್ತಿದ್ದವು. ದೊಡ್ಡವರಿಗೆ ಕಾಲಲ್ಲಿ ಚಪ್ಪಲಿ ಇತ್ತು. ಅಂಬೆಗಾಲಿಡುವ ಕೂಸಿಗೆ ಅಂಗೈಯೇ ಚಪ್ಪಲಿ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಿತ್ತು. ಎರಡನೆಯದು ಗಂಡನ ಮನೆಯಲ್ಲಿಯೇ ಆಗಬೇಕು, ಅದು ಪದ್ಧತಿ. ಮಹಾನವಮಿಯ ಮುಂದೆ ಸೋಮನಿಂಗ ಹುಟ್ಟಿದ. ಸುಂದರವ್ವ ಬಾಣಂತಿ ಕೋಣೆಯಿಂದ ಎದ್ದು ಬರುವಷ್ಟರಲ್ಲಿ ಹಣ್ಣು ಉದುರತೊಡಗಿದ್ದವು. ಬೆಳಿಗ್ಗೆ ಎದ್ದು ಗಿಡದ ಬುಡದಲ್ಲಿ ಬಿದ್ದ ಹಳದಿ ಹಣ್ಣು ಆರಿಸಬೇಕು, ಬುಟ್ಟಿಗೆ ತುಂಬಬೇಕು, ಬಿಸಿಲೇರುವ ಮುಂಚೆ ಪೇಟೆಗೆ ಗಾಡಿ ಹೊರಡಬೇಕು. ಕೂಸನ್ನು ಎಲ್ಲಿ ಬಿಡುವುದು? ಬೇವಿನ ಕೊಂಬೆಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಅದರಲ್ಲಿ ಹಾಕಿದಳು. ಸೋಮನಿಂಗನೂ ಅಷ್ಟೇ ಸುಖಜೀವಿ. ಎಲೆಯ ನೆರಳು ನೋಡುತ್ತ, ಕಾಲ್ಬೆರಳು ಚೀಪುತ್ತ ದಿನ ಕಳೆಯುತ್ತಿದ್ದ. ಶೇವಂತಿ ಬಂದು ಬಂದು ಜೋಳಿಗೆ ತೂಗಿ ಹೋಗುತ್ತಿದ್ದಳು. ಗೆಜ್ಜೆಯ ಸದ್ದು ತೋಟದ ಆ ತುದಿಯಿಂದ ಈ ತುದಿಗೆ ಓಡುತ್ತಿತ್ತು.

ಕಾರಹುಣ್ಣಿವೆ ಬಂತು. ಸೋಮನಿಂಗ ದಿಂಬು ಆನಿಸಿಟ್ಟರೆ ಕೂರುತ್ತಿದ್ದ, ತೆಗೆದರೆ ಬೀಳುತ್ತಿದ್ದ. ಇರಲಿ, ಗಂಡುಮಕ್ಕಳು ತಡ ಎಂದರು. ಮಹಾನವಮಿ ಬಂತು, ವರ್ಷ ತುಂಬಿತು. ಕೂರಲು ಕಲಿತಿದ್ದ; ಕೂತಲ್ಲಿಂದ ಏಳುತ್ತಿರಲಿಲ್ಲ.

"ಶೇವಂತಿ ಇಷ್ಟೊತ್ತಿಗೆ ಎತ್ತಿನ ಕಾಲ ಹಿಡದಿದ್ಲಂತಲ್ಲ," ಅತ್ತೆ ತಿಪ್ಪವ್ವ ಎಲೆಗೆ ಸುಣ್ಣ ಹಚ್ಚುತ್ತ ಅಂದಳು. "ಇಂವ ನೋಡವಾ, ಮಠದ ಸ್ವಾಮಿ ಕುಂತಂಗ ಕುಂತಾನ. ಪಾದಪೂಜಾ ಒಂದ ಬಾಕಿ."

ಸುಂದರವ್ವ ನಕ್ಕಳು. ತಾನೇ ಊರೆಲ್ಲ ಹೇಳಿಕೊಂಡು ಬಂದ ಮಾತು ತಿರುಗಿ ತನ್ನ ಮನೆಗೇ ಬಂದಿತ್ತು.

ಮತ್ತೆ ಮೂರು ತಿಂಗಳು ಕಳೆದು ಬನದ ಹುಣ್ಣಿವೆ ಬಂದರೂ ಅವನು ನಿಲ್ಲದಿದ್ದಾಗ ಇಂಡಿಯ ಡಾಕ್ಟರಲ್ಲಿಗೆ ಹೊತ್ತುಕೊಂಡು ಹೋದರು. ಡಾಕ್ಟರು ಕೂಸಿನ ಮೊಣಕಾಲು ಮಡಚಿ, ಚಾಚಿ, ಅಂಗಾಲಿಗೆ ಕಚಗುಳಿ ಇಟ್ಟು ನೋಡಿದರು. "ಕಾಲು ಗಟ್ಟಿ ಅದಾವ. ನೆಲಕ್ಕ ಬಿಡ್ರಿ, ಆಡಲಿ. ಒಂದೊಂದು ಕೂಸು ಒಂದೊಂದು ಹೊತ್ತಿಗೆ ನಡೀತೈತಿ. ಇನ್ನೂ ಯಾಳೆ ಐತಿ," ಎಂದು ಕಳಿಸಿದರು.

"ಗುಳಿಗಿ ಇಲ್ಲ, ಸೂಜಿ ಇಲ್ಲ, ಇಂವೆಂಥಾ ಡಾಕ್ಟರ?" ಎಂದಳು ತಿಪ್ಪವ್ವ, ಗಾಡಿಯಲ್ಲಿ.

ಸುಂದರವ್ವ ಮನೆಗೆ ಬಂದು ಅಂಗಳ ಗುಡಿಸಿ, ಕಂಬಳಿ ಹಾಸಿ ಕೂಸನ್ನು ಬಿಟ್ಟಳು. ಎರಡನೆಯ ದಿನವೇ ಕಂಬಳಿಯ ಅಂಚಿನಲ್ಲಿ ಮುಳ್ಳೊಂದು ಅವನ ಅಂಗೈಗೆ ಹೊಕ್ಕಿತು. ರಕ್ತ ಕಂಡವಳೇ ಕೂಸನ್ನು ಎತ್ತಿಕೊಂಡಳು. ಮತ್ತೆ ಜೋಳಿಗೆಗೆ ಹಾಕಿದಳು.

ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆಯಲು ಬರುತ್ತಿದ್ದ ದುರ್ಗವ್ವ ಆ ವಾರ ಬಂದಿದ್ದಳು. ಕಾಲ ಮೇಲೆ ಸೋಮನಿಂಗನನ್ನು ಮಲಗಿಸಿಕೊಂಡು, ಅವನ ತೊಡೆ ನೀವುತ್ತ, ಅಂಗಳದಲ್ಲಿ ಝಲ್ ಝಲ್ ಎಂದು ಓಡಾಡುತ್ತಿದ್ದ ಶೇವಂತಿಯನ್ನು ಬಹಳ ಹೊತ್ತು ನೋಡಿದಳು.

"ಇವನ ಕಾಲ ಇವನ ಹಂತ್ಯಾಕಿಲ್ಲವಾ," ಎಂದಳು ಕೊನೆಗೆ. "ಮ್ಯಾಲಿನ ಅಕ್ಕ ತಗೊಂಡಾಳ. ಕಾರಹುಣ್ಣಿವಿ ದಿನ ಎತ್ತಿನ ಮುಂದ ನಡದಾಕಿ ಅಂತೀರಿ. ಅಕಿ ಹಂಗ ಓಡತಿದ್ರ ಇವಗ ಏನ ಉಳೀತೈತಿ?"

"ಹಂಗಂದ್ರ ಏನ ಮಾಡಬೇಕ ದುರ್ಗವ್ವಾ?" ತಿಪ್ಪವ್ವ ಎಲೆ ಅಗಿಯುವುದನ್ನು ನಿಲ್ಲಿಸಿ ಕೇಳಿದಳು.

"ಇಂವ ನಡಿಯೂತನಾ ಅಕಿ ಇವನ ಕಣ್ಣ ಮುಂದ ಓಡಬಾರದು. ಅಕಿ ಕಾಲಾನ ಗೆಜ್ಜಿ ಬಿಚ್ಚಿ ಇವನ ಕಾಲಿಗೆ ಕಟ್ರಿ. ಆಮ್ಯಾಲ ನೋಡ್ರಿ."

ಬೇರೆ ಹೊತ್ತಿನಲ್ಲಾಗಿದ್ದರೆ ಸುಂದರವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆ ದಿನ ನಗು ಬರಲಿಲ್ಲ. ಕುಂಟುತ್ತ ಬಂದು ದೇವರಗುಡಿಯ ಮೆಟ್ಟಿಲ ಮೇಲೆ ಕೂರುವ ಯಾರದೋ ಬೆಳೆದ ಮಗನ ಮುಖ ಕಣ್ಣಿಗೆ ಕಟ್ಟಿತು. ಶೇವಂತಿಯನ್ನು ಕರೆದಳು. ಹುಡುಗಿ ಏನೋ ತಿನ್ನಲು ಕೊಡುತ್ತಾರೆಂದು ಓಡಿ ಬಂದು ತೊಡೆಯ ಮೇಲೆ ಕೂತಳು. ಸುಂದರವ್ವ ಕೊಂಡಿ ಸಡಿಲಿಸಿ, ಒಂದೊಂದೇ ಗೆಜ್ಜೆ ಬಿಚ್ಚಿದಳು. ಆ ಎಳೆಯ ಕಾಲಿನ ಮೇಲೆ ಗೆಜ್ಜೆ ಇದ್ದಲ್ಲಿ ಬೆಳ್ಳಗಿನ ಒಂದು ಗೆರೆ ಉಳಿದಿತ್ತು.

"ತಮ್ಮ ನಡಿಯೂತನಾ ಓಡಬ್ಯಾಡ ಹಾಂ? ಮೆಲ್ಲಕ ನಡಿ."

"ಯಾಕವ್ವ?"

"ನೀ ಓಡಿದ್ರ ತಮ್ಮಗ ಕಾಲ ಬರೂದಿಲ್ಲ."

ಆ ಮಾತನ್ನು ಅಷ್ಟು ನೇರವಾಗಿ ಹೇಳದೆ ಬೇರೆ ಏನಾದರೂ ನೆಪ ಹೇಳಬಹುದಿತ್ತು. ನಾಲ್ಕು ವರ್ಷದ ಹುಡುಗಿಗೆ ಏನು ಹೇಳಿದರೂ ನಡೆಯುತ್ತಿತ್ತು.

ಮಕ್ಕಳಿಗೆ ಓಡಬೇಡ ಎಂದರೆ ಆಗುತ್ತದೆಯೇ? ಮೂರ್ನಾಲ್ಕು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಶೇವಂತಿ ತೋಟದ ಅಂಚಿನಿಂದ ಲಂಗದ ಉಡಿಯ ತುಂಬ ಹಣ್ಣು ಆರಿಸಿಕೊಂಡು, ಅವ್ವನಿಗೆ ತೋರಿಸಬೇಕೆಂದು ಬೇವಿನ ಗಿಡದ ಹತ್ತಿರ ಓಡಿ ಬಂದಳು. ಜೋಳಿಗೆಯಲ್ಲಿ ಸೋಮನಿಂಗ ಎದ್ದು ಕೂತು ಅವಳನ್ನೇ ನೋಡುತ್ತಿದ್ದ. ಸುಂದರವ್ವನ ಕೈ ತಾನಾಗಿ ಮೇಲೆದ್ದಿತು. ಕೆನ್ನೆಗೆ ಬಿದ್ದ ಪೆಟ್ಟಿಗೆ ಲಂಗದ ಹಿಡಿತ ತಪ್ಪಿ ಹಣ್ಣೆಲ್ಲ ನೆಲದ ಮೇಲೆ ಉರುಳಿದವು.

"ನಾ ಓಡಿಲ್ಲವ್ವ," ಎಂದಳು ಶೇವಂತಿ. ಅಳಲಿಲ್ಲ. "ಲಗೂ ಲಗೂ ನಡದೇನಿ."

ಅದು ಅವಳಿಗೆ ಬಿದ್ದ ಮೊದಲ ಏಟು. ಅಂದಿನಿಂದ ಅವಳು ಓಡಲಿಲ್ಲ. ತುಂಬಿದ ಕೊಡ ಹೊತ್ತವರಂತೆ, ನೆಲಕ್ಕೆ ಗೊತ್ತಾಗದ ಹಾಗೆ ಹೆಜ್ಜೆ ಇಡತೊಡಗಿದಳು. ಬಾಗಿಲಲ್ಲಿ ಬಂದು ನಿಂತರೂ ತಿಳಿಯುತ್ತಿರಲಿಲ್ಲ. ತಿರುಗಿ ನೋಡಿದರೆ ನಿಂತಿರುತ್ತಿದ್ದಳು. "ಹುಡುಗಿ ಶ್ಯಾಣ್ಯಾ ಆಗ್ಯಾಳ," ಎಂದು ತಿಪ್ಪವ್ವನೂ ಮೆಚ್ಚಿದಳು. ಸೋಮನಿಂಗನ ಕಾಲಲ್ಲಿ ಗೆಜ್ಜೆ ಬಡಿದದ್ದೇ ಬಡಿದದ್ದು, ಮಲಗಿಕೊಂಡೇ.

ಇಷ್ಟಕ್ಕೇ ನಿಂತಿದ್ದರೆ ಸುಂದರವ್ವ ಮುಂದೆ ತನ್ನನ್ನು ಕ್ಷಮಿಸಿಕೊಳ್ಳುತ್ತಿದ್ದಳೇನೋ. ಒಂದು ಮಧ್ಯಾಹ್ನ ಲಿಂಬೆ ಖರೀದಿಯ ಇಬ್ರಾಹಿಂಸಾಬನ ಹೆಂಡತಿ ಜೈತುನಬಿ ಬುಟ್ಟಿ ಒಯ್ಯಲು ಬಂದವಳು ಚಪ್ಪರದ ಕಡೆ ನೋಡಿ ದಂಗಾಗಿ ನಿಂತಳು.

"ಯಕ್ಕಾ, ನಿನ್ನ ಮಗಳಿಗೆ ಏನಾಗೇತಿ?"

ಶೇವಂತಿ ಗೋಡೆಯ ಬದಿಯಲ್ಲಿ ಕೂತು, ಎರಡೂ ಕಾಲು ಮುಂದೆ ಚಾಚಿ, ಕೈ ಊರಿ ಮೈಯನ್ನು ಎಳೆದುಕೊಂಡು ನೀರಿನ ಗಡಿಗೆಯ ಕಡೆಗೆ ಹೋಗುತ್ತಿದ್ದಳು.

"ಏ ಶೇವಂತಿ, ಯಾಕ ಹಿಂಗ ಹೊಂಟಿ?" ಸುಂದರವ್ವ ಕೇಳಿದಳು.

"ನನ್ನ ಎರಡೂ ಕಾಲು ತಮ್ಮಗ ಕೊಟ್ಟೇನಿ," ಎಂದಳು ಹುಡುಗಿ, ಬಹಳ ಗಂಭೀರವಾಗಿ. "ಈಗ ಅಂವ ಬರತಾನ ನೋಡು."

ಜೈತುನಬಿ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಎಬ್ಬಸವಾ ಅದನ್ನ, ಎಬ್ಬಸ. ಕಾಲ ಏನ ಬುಟ್ಟಿ ಐತೇನ, ಒಬ್ಬರದು ಒಬ್ಬರು ಒಯ್ಯಾಕ?"

"ಎಬ್ಬಸತೇನಿ ತಗೋ," ಎಂದಳು ಸುಂದರವ್ವ. ಜೈತುನಬಿಯನ್ನು ಕಳಿಸಿ ಬಂದಳು. ಎಬ್ಬಿಸಲಿಲ್ಲ. ಜೋಳಿಗೆಯ ಕಡೆ ನೋಡಿದಳು. ಯಾರಿಗೆ ಗೊತ್ತು, ಇದರಿಂದಲೇ ಆದರೆ? ಮಗು ಮನಸಾರೆ ಕೊಟ್ಟಿದೆ, ದೇವರು ಕಣ್ಣು ತೆರೆದರೆ? ಹೊತ್ತು ಮುಳುಗುವವರೆಗೂ ಶೇವಂತಿ ನೆಲದ ಮೇಲೆ ತೆವಳಿದಳು. ಸುಂದರವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಕಿವಿಯನ್ನು ಜೋಳಿಗೆಯ ಕಡೆ ಇಟ್ಟಿದ್ದಳು. ಸಂಜೆ ಸಂಗಣ್ಣ ಬಂದು ಮಗಳನ್ನು ಎತ್ತಿಕೊಂಡಾಗ ಅವಳ ಅಂಗೈ ತುಂಬ ಮುಳ್ಳಿನ ಗೀರು. "ಏನಿದು?" ಎಂದ. "ಆಟಾ ಆಡಾಕತ್ತಿದ್ಲ್ರಿ," ಎಂದಳು ಸುಂದರವ್ವ.

ಯುಗಾದಿ ಮುಗಿದಮೇಲೆ ಹೊರ್ತಿಯಲ್ಲಿ ತಮ್ಮ ಧರೆಪ್ಪನ ಲಗ್ನ. ವಾರ ಮೊದಲೇ ಮಕ್ಕಳನ್ನು ಕಟ್ಟಿಕೊಂಡು ಮೋಟಾರು ಹತ್ತಿ ತವರಿಗೆ ಹೋದಳು. ಲಗ್ನದ ಮನೆಯಲ್ಲಿ ಕೂಸನ್ನು ಎತ್ತಿಕೊಂಡು ಕೂರುವವರು ಯಾರು? ಸಗಣಿಯಿಂದ ಸಾರಿಸಿದ, ಅಂಗೈಯಂತೆ ನುಣ್ಣಗಿನ ಪಡಸಾಲೆ. ಹತ್ತು ಮಕ್ಕಳ ನಡುವೆ ಸೋಮನಿಂಗನನ್ನು ಬಿಟ್ಟು ಸುಂದರವ್ವ ಶ್ಯಾವಿಗೆಗೆ ಕೂತಳು. ಅವನು ಮೊದಲು ಅತ್ತ, ಆಮೇಲೆ ಉರುಳಿದ, ಬೀಸುವ ಕಲ್ಲು ಹಿಡಿದ, ಯಾರದೋ ಸೀರೆ ಹಿಡಿದ. ಅವಳು ಇದನ್ನೆಲ್ಲ ಸರಿಯಾಗಿ ನೋಡಲೂ ಇಲ್ಲ. ಅಷ್ಟು ದಿನ ಬಿಟ್ಟ ಕಣ್ಣು ಬಿಟ್ಟಂತೆ ಕಾದವಳು ಆ ನಾಲ್ಕು ದಿನ ಮಾತ್ರ ಹೆಂಗಸರ ಮಾತಿನಲ್ಲಿ, ನಗೆಯಲ್ಲಿ ಮೈಮರೆತಿದ್ದಳು.

ಹಾಗೆ ಶ್ಯಾವಿಗೆ ಹೊಸೆಯುತ್ತಿದ್ದಾಗ ಬೆನ್ನ ಹಿಂದೆ ಗೆಜ್ಜೆಯ ಸದ್ದು ಕೇಳಿತು. ಝಲ್, ಝಲ್, ಹತ್ತಿರ ಬಂತು.

"ಓಡಬ್ಯಾಡಂತ ಎಷ್ಟ ಸಲ ಹೇಳಬೇಕ ನಿನಗ?" ತಿರುಗದೆಯೇ ಗದರಿದಳು.

ಸುತ್ತ ಕೂತವರ ಕೈ ನಿಂತವು. ತಿರುಗಿ ನೋಡಿದರೆ ಸೋಮನಿಂಗ. ಹೊಟ್ಟೆ ಮುಂದೆ ಮಾಡಿ, ಎರಡೂ ಕೈ ಮೇಲೆತ್ತಿ, ಯಾರನ್ನೂ ಹಿಡಿಯದೆ ನಿಂತಿದ್ದಾನೆ. ಗದರಿಕೆಗೆ ಅವನ ತುಟಿ ಸೊಟ್ಟಗಾಯಿತು. ಧೊಪ್ಪನೆ ಕುಸಿದು ಕೂತು ಅಳತೊಡಗಿದ.

"ಅಯ್ಯ, ಕೂಸು ನಡದ ಬಂತು, ಬಯ್ತಾಳಲ್ಲ ಇಕಿ!" ಹೆಂಗಸರು ಬಿದ್ದು ಬಿದ್ದು ನಕ್ಕರು. ಸುಂದರವ್ವನ ತಾಯಿ ಓಡಿ ಬಂದು ಮೊಮ್ಮಗನನ್ನು ಎತ್ತಿಕೊಂಡು, "ನೆಲಾ ಬೇಕಾಗಿತ್ತವಾ ಇವಗ, ನೆಲಾ. ನಾಕ ದಿನದಾಗ ಹೆಂಗ ಎದ್ದ ನೋಡು. ಶೇವಂತಿಗೆ ಇದ ಪಡಸಾಲಿ ಇತ್ತು, ಇವಗ ಎಲ್ಲಿತ್ತು?" ಎಂದಳು.

ಎಷ್ಟು ಸಣ್ಣ ಮಾತು. ಡಾಕ್ಟರು ಹೇಳಿದ್ದೂ ಇದನ್ನೇ. ಸುಂದರವ್ವ ನಗುತ್ತ, ಅಳುತ್ತ ಶೇವಂತಿ ಎಲ್ಲಿ ಎಂದು ಹುಡುಕಿದಳು. ಹುಡುಗಿ ಒಳಕಲ್ಲಿನ ಮಗ್ಗುಲಲ್ಲಿ ಬರಿಗಾಲನ್ನು ಲಂಗದೊಳಗೆ ಎಳೆದುಕೊಂಡು ಕೂತಿದ್ದಳು.

"ನಾ ಅಲ್ಲವ್ವ," ಎಂದಳು, ಅವ್ವ ನೋಡಿದ್ದೇ ತಡ. "ನಾ ಇಲ್ಲೇ ಕುಂತೇನಿ."

ಲಗ್ನ ಮುಗಿಸಿ ವಸ್ತಿಗೆ ಬಂದಮೇಲೆ, ಸೋಮನಿಂಗ ಹೊಸ್ತಿಲು ದಾಟಿದ ದಿನ, ತಿಪ್ಪವ್ವ ಕಡುಬು ಮಾಡಿಸಿ ಹೊಸ್ತಿಲ ಮೇಲಿಟ್ಟು ಮಕ್ಕಳಿಗೆ ಹಂಚಿಸಿದಳು. ದುರ್ಗವ್ವನಿಗೆ ಒಂದು ಖಣವನ್ನೂ ಕೊಟ್ಟಳು, ಅವಳ ಮಾತು ಖರೆಯಾಯಿತೆಂದು. ಸುಂದರವ್ವ ಸಂಗಣ್ಣನಿಗೆ ಹೇಳಿ ಅಂಗಳಕ್ಕೆ ಬೇರೆ ಮಣ್ಣು ಹಾಕಿಸಿ, ಧುಮ್ಮಸು ಹೊಡೆಸಿ, ಸುತ್ತ ಕಲ್ಲಿನ ಕಟ್ಟೆ ಕಟ್ಟಿಸಿದಳು. ಒಂದು ದಿನದ ಕೆಲಸವಷ್ಟೇ ಆಗಿತ್ತು ಅದು.

ಆಮೇಲೆ ಮಗನ ಕಾಲಿನ ಗೆಜ್ಜೆ ಬಿಚ್ಚಿಕೊಂಡು ಮಗಳ ಹತ್ತಿರ ಹೋದಳು. ಶೇವಂತಿ ಕಾಲು ಹಿಂದೆ ತೆಗೆದುಕೊಂಡಳು.

"ತಮ್ಮನ ಕಾಲಾಗ ಇರಲಿ. ಬಿಚ್ಚಿದ್ರ ಮತ್ತ ಕುಂತ್ರ?"

"ಕುಂಡರೂದಿಲ್ಲ ನನ್ನವ್ವ. ಇನ್ನ ಓಡು ನೀ. ಬೇವಿನ ಗಿಡದ ತನಕಾ ಓಡಿ ಬಾ, ನೋಡೂನು."

ಶೇವಂತಿ ಲಂಗ ಎತ್ತಿ ಹಿಡಿದು ಗಿಡದವರೆಗೆ ಹೋದಳು, ಮುಟ್ಟಿದಳು, ಬಂದಳು. ನಡೆದೇ. ಬಂದು ಅವ್ವನ ಮುಖ ನೋಡಿದಳು, ಸರಿಯಾಯಿತೇ ಎಂಬಂತೆ. ಗೆಜ್ಜೆಯನ್ನು ಸುಂದರವ್ವ ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ನಾಳೆ ಹಾಕಿದರಾಯಿತು, ಹಬ್ಬಕ್ಕೆ ಹಾಕಿದರಾಯಿತು ಎನ್ನುವಷ್ಟರಲ್ಲಿ ಆ ಕಾಲು ದೊಡ್ಡದಾಗಿ ಗೆಜ್ಜೆ ಸಾಲದಾಯಿತು.

ಸೋಮನಿಂಗ ನಡೆದದ್ದಷ್ಟೇ ಅಲ್ಲ, ಹಾರಿದ, ಗಿಡ ಹತ್ತಿದ, ಬಾವಿಯ ಕಟ್ಟೆಯ ಮೇಲೆ ಕುಣಿದು ಎಲ್ಲರ ಜೀವ ತೆಗೆದ. ಯಾರಾದರೂ ಹೊಸಬರು ನೋಡಿದರೆ ಇವನು ತಡವಾಗಿ ನಡೆದ ಕೂಸು ಎಂದು ನಂಬುತ್ತಲೇ ಇರಲಿಲ್ಲ.

ಶೇವಂತಿ ಇಂಡಿಯ ಸಾಲಿಗೆ ಹೋಗತೊಡಗಿದಳು. ಆಗಸ್ಟ್ ಹದಿನೈದಕ್ಕೆ ಜಂಡಾ ಏರಿಸಿದಮೇಲೆ ಮಕ್ಕಳ ಆಟ. ಒಂದು ವರ್ಷ ಸುಂದರವ್ವ ಮಗನ ಕೈ ಹಿಡಿದುಕೊಂಡು ನೋಡಲು ಹೋದಳು. ಮೊದಲು ಬಾಯಲ್ಲಿ ಚಮಚ, ಚಮಚದಲ್ಲಿ ಲಿಂಬೆಹಣ್ಣು ಇಟ್ಟುಕೊಂಡು ನಡೆಯುವ ಪಂದ್ಯ. ಹಣ್ಣು ಇವರದೇ ತೋಟದ್ದು. ಉಳಿದ ಹುಡುಗಿಯರದು ಮೂರು ಹೆಜ್ಜೆಗೆ ಬಿತ್ತು, ಐದು ಹೆಜ್ಜೆಗೆ ಬಿತ್ತು. ಶೇವಂತಿಯ ಹಣ್ಣು ಅಲುಗಲೂ ಇಲ್ಲ.

"ಏನ ನಡಿಗಿ ಐತವಾ ನಿಮ್ಮ ಹುಡುಗೀದು!" ಸಾಲಿಯ ಅಕ್ಕೋರು ಬಂದು ಮೆಚ್ಚಿದರು. "ಯಾರ ಕಲಿಸ್ಯಾರ್ರಿ?"

ಸುಂದರವ್ವ ಸೆರಗು ಸರಿಮಾಡಿಕೊಂಡಳು.

ಮುಂದಿನದು ಓಟ. ಸೀಟಿ ಊದಿದ ಕೂಡಲೆ ಶೇವಂತಿ ಬಿಟ್ಟ ಬಾಣದಂತೆ ಹೊರಟಳು. ಸುಂದರವ್ವನ ಎದೆ ಉಬ್ಬಿತು. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದಳು ಆ ಕಾಲನ್ನು? ಎಲ್ಲರಿಗಿಂತ ಮುಂದೆ, ಜಡೆ ಹಾರುತ್ತಿದೆ, ಗುರಿಯ ಹಗ್ಗ ಇನ್ನೇನು ಹತ್ತಿರ. ಆಗ ಹುಡುಗಿಯ ಕಣ್ಣು ಹಗ್ಗದ ಆಚೆ ನಿಂತ ಅವ್ವನ ಮೇಲೆ, ಅವ್ವನ ಮಗ್ಗುಲಲ್ಲಿದ್ದ ತಮ್ಮನ ಮೇಲೆ ಬಿತ್ತು. ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತೆ ಅವಳ ಕಾಲು ನಿಧಾನವಾಯಿತು. ಉಳಿದವರು ಅವಳನ್ನು ದಾಟಿ ಹೋದರು. ಶೇವಂತಿ ನಡೆಯುತ್ತ ಬಂದು, ಹಗ್ಗ ನೆಲಕ್ಕೆ ಬಿದ್ದಮೇಲೆ ಅದನ್ನು ಮೆಲ್ಲಗೆ ದಾಟಿದಳು.

ಮರುವರ್ಷ ಸುಂದರವ್ವ, "ನನಗ ಕೆಲಸ ಐತಿ, ಜೈತುನಬಿ ಮೌಸಿ ಕೂಡ ಹೋಗ್ರಿ," ಎಂದು ಮಕ್ಕಳನ್ನು ಕಳಿಸಿದಳು. ಅವರು ಕಣ್ಮರೆಯಾದಮೇಲೆ ಕದಕ್ಕೆ ಕೊಂಡಿ ಹಾಕಿ ಹೊಲದ ದಾರಿಯಿಂದ ಹೊರಟಳು. ಸಾಲಿಯ ಹಿಂದಿನ ಗೋಡೆಯ ಉದ್ದಕ್ಕೂ ಜಾಲಿಯ ಪೊದೆ. ಅಲ್ಲಿ ಯಾರೂ ಬರುವುದಿಲ್ಲ. ಅವಸರದಲ್ಲಿ ಚಪ್ಪಲಿಯ ಬಾರು ಕಿತ್ತುಬಂತು, ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಳು. ಗೋಡೆ ಎತ್ತರ, ಏನೂ ಕಾಣುವುದಿಲ್ಲ. ಸೀಟಿ ಕೇಳಿತು. ಕಾಲುಗಳ ಸದ್ದು ಒಟ್ಟಾಗಿ ಮಳೆ ಸುರಿದ ಹಾಗೆ ಬಂತು. "ಶೇವಂತೀ! ಶೇವಂತೀ!" ಎಂದು ಮಕ್ಕಳು ಕೂಗಿದರು, ಆ ಕೂಗಿನಲ್ಲಿ ಸೋಮನಿಂಗನದೇ ದೊಡ್ಡ ದನಿ. ಆಮೇಲೆ ಚಪ್ಪಾಳೆ. ಸುಂದರವ್ವ ಕಣ್ಣು ಮುಚ್ಚಿ ಕೇಳಿದಳು. ಮಕ್ಕಳಿಗಿಂತ ಮೊದಲು ಮನೆ ಮುಟ್ಟಬೇಕೆಂದು ಬಂದ ದಾರಿಯಲ್ಲೇ ಕುಂಟುತ್ತ ಹೊರಟಳು.

ಒಲೆ ಹೊತ್ತಿಸುವಷ್ಟರಲ್ಲಿ ಶೇವಂತಿ ಬಂದಳು. ಕೈಯಲ್ಲಿ ಬಹುಮಾನದ ಬಟ್ಟಲು, ಹೊಳೆಯುವ ಒಂದು ಸ್ಟೀಲಿನ ವಾಟಿ.

"ಓಡಿ ಗೆದ್ದಿಯೇನವಾ?" ಸುಂದರವ್ವ ಬೆಂಕಿ ಊದುತ್ತಲೇ ಕೇಳಿದಳು.

ಹುಡುಗಿ ಅವಳ ಮುಖ ನೋಡಿದಳು. "ಇಲ್ಲವ್ವ. ಲಗೂ ಲಗೂ ನಡದೇನಿ."

"ಸುಳ್ಳವ್ವ, ಸುಳ್ಳ!" ಸೋಮನಿಂಗ ಕುಣಿದ. "ಅಕ್ಕ ಓಡಿದ್ಲು! ಎಲ್ಲಾರ್ಕಿಂತ ಮುಂದ! ಬರ್ರ್ ಅಂತ..." ಶೇವಂತಿ ಅವನ ತೋಳು ಚಿವುಟಿದಳು.

"ಇರಲಿ ಬಿಡು," ಎಂದು ಸುಂದರವ್ವ ವಾಟಿ ತೆಗೆದುಕೊಳ್ಳಲು ಎದ್ದಳು. ಕಾಲು ಊರಲಾಗಲಿಲ್ಲ.

"ಯಾಕವ್ವ ಕುಂಟತಿ?"

"ತ್ವಾಟದಾಗ ಮುಳ್ಳ ಮುರದೈತಿ."

ಶೇವಂತಿ ವಾಟಿ ಕೆಳಗಿಟ್ಟು ಕೂತು, ಅವ್ವನ ಪಾದವನ್ನು ತೊಡೆಯ ಮೇಲೆ ತೆಗೆದುಕೊಂಡಳು. ಸೂಜಿಯಿಂದ ಮೆಲ್ಲಗೆ ಮೀಟಿ ಮುಳ್ಳು ಹೊರತೆಗೆದಳು. ಅಂಗೈಯಲ್ಲಿಟ್ಟು ನೋಡಿದಳು. ಉದ್ದನೆಯ, ಬೆಳ್ಳಗಿನ ಮುಳ್ಳು.

"ಇದು ಲಿಂಬಿ ಮುಳ್ಳಲ್ಲವ್ವ. ಜಾಲಿ ಮುಳ್ಳು."

ತೋಟದಲ್ಲಿ ಜಾಲಿ ಇಲ್ಲ. ಎಲ್ಲಿದೆ ಎಂಬುದು ಸಾಲಿಗೆ ಹೋಗುವ ಹುಡುಗಿಗೆ ಗೊತ್ತು. ಸುಂದರವ್ವ ತಲೆ ತಗ್ಗಿಸಿದಳು. ಶೇವಂತಿ ಬಹಳ ಹೊತ್ತು ಆ ಪಾದವನ್ನು ಹಿಡಿದುಕೊಂಡೇ ಕೂತಿದ್ದಳು. ಮುಳ್ಳನ್ನು ಒಲೆಗೆ ಹಾಕಿ ಎದ್ದು ಅಂಗಳಕ್ಕೆ ಹೋದಳು.

ಸುಂದರವ್ವ ಒಲೆಯ ಕಡೆ ಮುಖ ಮಾಡಿಕೊಂಡು ಕಿವಿಗೊಟ್ಟಳು. ತಿರುಗಿ ನೋಡಲು ಧೈರ್ಯವಾಗಲಿಲ್ಲ, ನೋಡಿದರೆ ನಿಂತುಬಿಟ್ಟಾಳು. ಹುಡುಗಿ ಬೇವಿನ ಗಿಡದ ಕಡೆಗೆ ನಡೆದು ಹೋದಳೋ ಓಡಿ ಹೋದಳೋ ತಿಳಿಯಲಿಲ್ಲ. ಕಾಲಲ್ಲಿ ಗೆಜ್ಜೆ ಇದ್ದಿದ್ದರೆ ತಿಳಿಯುತ್ತಿತ್ತು.